ಗೊಂಬೆಯಕ್ಕನ ಕೋಟು

ಅವಳಿಗೆ ಗೊಂಬೆಯಕ್ಕ ಅಂತ ಹೆಸರು ಬಿದ್ದಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲೇ. ಕಲಾಸಂಗ್ರಹಾಲಯದ ಕೋಣೆ ಕೋಣೆ ಸುತ್ತಿ ಕಣ್ಣು ಮಂಜಾಗಿದ್ದ ಪ್ರವಾಸಿಯೊಬ್ಬ, ಮೂಲೆಯ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದ ಇವಳನ್ನೂ ಒಂದು ಕಲಾಕೃತಿ ಅಂದುಕೊಂಡು ಹತ್ತಿರ ಬಂದ. ಹೆಸರಿನ ಚೀಟಿ ಎಲ್ಲಿ ಅಂಟಿಸಿದ್ದಾರೆ ಅಂತ ಬಗ್ಗಿ ಹುಡುಕಿದ. ಅದೇ ಹೊತ್ತಿಗೆ ಇವಳಿಗೆ ಸೀನು ಬಂತು. ಆ ಮನುಷ್ಯ ಹಿಂದಕ್ಕೆ ಹಾರಿ ಹೆಂಡತಿಯ ಕಾಲು ತುಳಿದ. ಪಕ್ಕದ ಕೋಣೆಯ ಕಾವಲಿನ ಗಡ್ಡದಣ್ಣ ಇದನ್ನು ನೋಡಿದವನೇ, ಮಧ್ಯಾಹ್ನ ಊಟದ ಮನೆಯಲ್ಲಿ ಎಲ್ಲರ ಮುಂದೆ ಅಭಿನಯ ಮಾಡಿ ತೋರಿಸಿದ. ಅವತ್ತಿನಿಂದ ಅವಳು ಗೊಂಬೆಯಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದ ಪಾಲಾಯಿತು.

ಆ ಸಂಗ್ರಹಾಲಯ ಸಾಮಾನ್ಯದ್ದಲ್ಲ. ಜನ್ಮದಲ್ಲಿ ಒಂದು ಸಲ ನೋಡಬೇಕು ಅಂತ ಜನ ವಿಮಾನ ಹತ್ತಿ ಬರುವ ಜಾಗ. ಅದರಲ್ಲೂ ಗೊಂಬೆಯಕ್ಕನ ಕೋಣೆಗೆ ಬರದೆ ಯಾರೂ ವಾಪಸ್ ಹೋಗುವುದಿಲ್ಲ. ಅಲ್ಲಿ ಇರುವುದು ಒಂದೇ ಚಿತ್ರ. ಕಿಟಕಿ ಪಕ್ಕ ಕೂತ ಹೆಂಗಸೊಬ್ಬಳು ಚಾಕು ಹಿಡಿದು ಹಣ್ಣು ಸುಲಿಯುತ್ತಿದ್ದಾಳೆ, ಸಿಪ್ಪೆ ತುಂಡಾಗದೆ ಸುರುಳಿ ಸುತ್ತಿಕೊಂಡು ಮಡಿಲ ತನಕ ಇಳಿದಿದೆ. ಅಷ್ಟೇ. ಊಟದ ತಟ್ಟೆಗಿಂತ ಚೂರು ದೊಡ್ಡದು. ಇದನ್ನು ನೋಡುವುದಕ್ಕೆ ಇಷ್ಟು ದೂರ ಬಂದೆವಾ ಅಂತ ಅರ್ಧ ಜನ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ, ಇನ್ನರ್ಧ ಜನ ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರಿಗೂ ಗೊಂಬೆಯಕ್ಕ ಹೇಳುವುದು ಒಂದೇ ಮಾತು: "ಗೆರೆಯಿಂದ ಹಿಂದೆ ನಿಲ್ಲಿ."

ಕಾವಲಿನವರಿಗೆ ಅಲ್ಲಿ ಒಂದು ಕಟ್ಟಳೆ ಇದೆ. ಬದಲಿಯವರು ಬಂದು ಕುರ್ಚಿಯ ಬೆನ್ನು ಮುಟ್ಟಿ "ಕೋಣೆ ನನ್ನದು" ಅನ್ನಬೇಕು. ಕೂತವರು ಎದ್ದು "ಕೋಣೆ ನಿಮ್ಮದು" ಅನ್ನಬೇಕು. ಈ ಎರಡು ಮಾತು ಆಗದೆ ಯಾರೂ ಹೊಸ್ತಿಲು ದಾಟುವ ಹಾಗಿಲ್ಲ. ಹೊಟ್ಟೆ ಚುರುಗುಟ್ಟಲಿ, ತಲೆ ಸಿಡಿಯಲಿ, ಬಚ್ಚಲಿಗೆ ಅವಸರವಾಗಲಿ, ದೇವರೇ ಬಂದು ಬಾಗಿಲಲ್ಲಿ ನಿಂತು ಕರೆಯಲಿ, ಬದಲಿ ಬರುವ ತನಕ ಕುರ್ಚಿಯೇ ಗತಿ. ಭಾನುವಾರ ನೋಡುವವರು ಜಾಸ್ತಿ, ಬದಲಿಯವರು ಕಡಿಮೆ. ಅದಕ್ಕೇ ಗೊಂಬೆಯಕ್ಕ ಭಾನುವಾರ ಬೆಳಿಗ್ಗೆ ಕಾಫಿ ಮುಟ್ಟುವುದಿಲ್ಲ. ನೀರು ಕೂಡ ಗಂಟಲು ಒದ್ದೆಯಾಗುವಷ್ಟೇ. ಕಾಲಿಗೆ ಕಾಲು ಒತ್ತಿ, ಪಾದಕ್ಕೆ ಪಾದ ಹೆಣೆದುಕೊಂಡು ಕೂರುವ ಒಂದು ಭಂಗಿ ಅವಳಿಗೆ ಅಭ್ಯಾಸವಾಗಿಬಿಟ್ಟಿದೆ. ನೋಡಿದವರು ಎಷ್ಟು ವಿನಯವಾಗಿ ಕೂರುತ್ತಾಳೆ ಅಂದುಕೊಳ್ಳುತ್ತಾರೆ. "ಎಂಥ ಪುಣ್ಯವಂತೆ ನೀವು, ದಿನವಿಡೀ ಈ ಚಿತ್ರ ನೋಡ್ತಾ ಕೂರಬಹುದು" ಅಂತ ಬೇರೆ ಹೇಳಿ ಹೋಗುತ್ತಾರೆ. ಅವರ ಬಾಯಿಗಿಷ್ಟು ಮಣ್ಣು ಹಾಕ.

ಇನ್ನೊಂದು ಕಟ್ಟಳೆ ಕೋಟಿನದು. ಕಂದು ಕೋಟು, ಹಿತ್ತಾಳೆ ಗುಂಡಿ. ಬೆಳಿಗ್ಗೆ ಹಾಕಿಕೊಂಡರೆ ಸಂಜೆ ಬಾಗಿಲು ಮುಚ್ಚಿ ಎಲ್ಲ ಒಪ್ಪಿಸಿದ ಮೇಲೆಯೇ ಬಿಚ್ಚುವುದು. ಹಿಂದೆ ಯಾರೋ ಕೋಟು ಕಳಚಿ ಜನರ ನಡುವೆ ಸೇರಿಕೊಂಡು ಆಚೆ ಜಾರುತ್ತಿದ್ದರಂತೆ, ಅದಕ್ಕೆ ಈ ಬಿಗಿ. ಕೆಲಸದ ಹೊತ್ತಿನಲ್ಲಿ ಕೋಟು ಕಳಚಿದರೆ ಕೆಲಸವನ್ನೇ ಕಳಚಿದ ಹಾಗೆ. ಪಾಪ, ಒಬ್ಬ ಮುದುಕ ಸೆಕೆ ತಡೆಯಲಾರದೆ ಕೋಟು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಅವತ್ತು ಸಂಜೆ ಹೋದವನು ಮತ್ತೆ ಬರಲಿಲ್ಲ.

ಗೊಂಬೆಯಕ್ಕನಿಗೆ ಸಿಕ್ಕ ಕೋಟು ಯಾರೋ ದಾಂಡಿಗನದು. ಹಾಕಿಕೊಂಡರೆ ಕೋಟಿನೊಳಗೆ ಅವಳನ್ನು ಹುಡುಕಬೇಕಿತ್ತು. ಆದರೆ ಅವಳು ಮೊದಲು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ ಮಾಡಿದವಳು. ಕೋಟಿನ ಹೊಲಿಗೆ ಬಿಚ್ಚಿ, ಹಿಡಿದು, ತನ್ನ ಮೈಗೆ ಹೊಂದಿಸಿ, ಗುಂಡಿಗಳನ್ನು ನಾಯಿ ಎಳೆದರೂ ಬರದ ಹಾಗೆ ಹಚ್ಚಿಕೊಂಡಳು. ಕಾರ್ಖಾನೆ ಮುಚ್ಚಿದ ವರ್ಷವೇ ಗಂಡ ಜ್ವರದಲ್ಲಿ ಹೋದ. ಕೈಯಲ್ಲಿ ಎರಡು ಮಕ್ಕಳು, ಒಂದು ಇನ್ನೂ ತೊಟ್ಟಿಲಲ್ಲಿ. ಆಗ ಸಿಕ್ಕ ಕೆಲಸ ಇದು. ಕೂತಿರುವ ಕೆಲಸ, ಗೌರವದ ಕೆಲಸ, ತಿಂಗಳು ತುಂಬಿದರೆ ಸಂಬಳ. ಇದು ಹೋದರೆ ಇನ್ನೊಂದು ಇಲ್ಲ ಅನ್ನುವುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು.

ಗಂಡನ ಅಕ್ಕ, ಅಂದರೆ ಅವಳ ಅತ್ತಿಗೆ, ಅದೇ ಬೀದಿಯ ಕೊನೆಯಲ್ಲಿ ಒಬ್ಬಳೇ ಇರುವಾಕೆ. ಬಾಯಿ ಖಾರ, ಕೈ ಧಾರಾಳ. ಭಾನುವಾರ ಶಾಲೆಗೆ ರಜೆ, ಆದರೆ ಸಂಗ್ರಹಾಲಯಕ್ಕೆ ರಜೆ ಇಲ್ಲ. ಹಾಗಾಗಿ ಭಾನುವಾರದ ಮಕ್ಕಳು ಅತ್ತಿಗೆಯ ಪಾಲು. ಬೈಯುತ್ತಲೇ ಉಣಿಸಿ, ಬೈಯುತ್ತಲೇ ಮಲಗಿಸುತ್ತಿದ್ದಳು. ಆ ಪುಣ್ಯಾತ್ಗಿತ್ತಿ ಒಂದು ದಿನ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಅಲ್ಲಿಗೆ ಗೊಂಬೆಯಕ್ಕನ ಭಾನುವಾರ ಕುಸಿಯಿತು.

ಅಕ್ಕಪಕ್ಕದವರನ್ನು ಕೇಳಿದಳು. ಒಬ್ಬರು ಒಂದು ವಾರ ಹೂಂ ಅಂದರು, ಮುಂದಿನ ವಾರ ಬಾಗಿಲು ತೆಗೆಯಲಿಲ್ಲ. ಮನೆಯಲ್ಲಿ ಇಬ್ಬರನ್ನೇ ಬೀಗ ಹಾಕಿ ಬಿಟ್ಟು ಬಂದ ಭಾನುವಾರ ಅವಳಿಗೆ ಕುರ್ಚಿಯಲ್ಲಿ ಕೂತರೂ ಒಲೆಯದೇ ವಾಸನೆ. ಹೇಳಿ, ಇನ್ನೇನು ಮಾಡಬೇಕಿತ್ತು? ಮಕ್ಕಳಿಗೆ ಒಳಗೆ ಬರಲು ಟಿಕೆಟ್ ಬೇಕಿಲ್ಲ. ಒಳಗೆ ಬೆಚ್ಚಗಿದೆ, ಬೆಂಚಿದೆ, ಕುಡಿಯುವ ನೀರಿದೆ, ಕೋಣೆಗೊಬ್ಬರು ಕಾವಲಿದ್ದಾರೆ. ಇದಕ್ಕಿಂತ ಭದ್ರವಾದ ಜಾಗ ಊರಲ್ಲಿ ಎಲ್ಲಿದೆ ಅಂತ ಅವಳ ತಲೆಗೆ ಹೊಳೆಯಿತು. ಹೊಳೆದಿದ್ದೇ ಗ್ರಹಚಾರ.

ತೊಡಕು ಎರಡಿತ್ತು. ದೊಡ್ಡವರಿಲ್ಲದೆ ಚಿಕ್ಕ ಮಕ್ಕಳು ಒಳಗೆ ಓಡಾಡುವ ಹಾಗಿಲ್ಲ. ಕಾವಲಿನವರ ಮಕ್ಕಳಂತೂ ಬರುವ ಮಾತೇ ಇಲ್ಲ. ಹಿಂದೊಮ್ಮೆ ಯಾರೋ ತನ್ನ ಮಗುವಿಗೆ ತಿಂಡಿ ತಿನ್ನಿಸುತ್ತಾ ಕೂತಿದ್ದಾಗ ಇನ್ಯಾರೋ ಚಿತ್ರದ ಮೇಲೆ ಕೈಯಾಡಿಸಿಬಿಟ್ಟಿದ್ದರಂತೆ. ಆಮೇಲೆ ಬಂದ ಮೇಲ್ವಿಚಾರಕರು, ಸೊಂಟದಲ್ಲಿ ಬೀಗದ ಕೈ ಗೊಂಚಲು ಝಣಗುಡಿಸುತ್ತಾ ಓಡಾಡುವ ಬೀಗದ ಸಾಹೇಬರು, ಆ ವಿಷಯದಲ್ಲಿ ತೀರಾ ಬಿಗಿ.

ಹಾಗಾಗಿ ಮನೆಯಲ್ಲೇ ತಾಲೀಮು ನಡೆಯಿತು. ಗಂಡನ ಹಳೇ ಕೋಟು ಹಾಕಿಕೊಂಡು ಅಡುಗೆಮನೆಯ ನಡುವೆ ಕುರ್ಚಿ ಎಳೆದು ಕೂತಳು. ದೊಡ್ಡವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅವನಿಗೆ ಹತ್ತು ವರ್ಷ, ಅಪ್ಪ ಹೋದ ಮೇಲೆ ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳುವುದನ್ನು ಕಲಿತಿದ್ದಾನೆ. ಕಷ್ಟ ಇದ್ದಿದ್ದು ಪುಟ್ಟಿಯದು. ಇನ್ನೂ ಶಾಲೆಗೆ ಸೇರದ ಕೂಸು.

"ನಾನು ಯಾರು?" ಅಂದಳು ಗೊಂಬೆಯಕ್ಕ.

"ಅಮ್ಮ."

"ನೋಡು, ಕೋಟು ಹಾಕಿದ್ದೀನಿ. ಕೋಟು ಹಾಕಿದ್ರೆ ನಾನು ಅಮ್ಮ ಅಲ್ಲ. ಕೋಣೆ ನೋಡ್ಕೊಳ್ಳೋರು. ನನ್ನ ಹತ್ರ ಬರಬಾರ್ದು, ಮಾತಾಡಬಾರ್ದು. ಯಾರಾದ್ರೂ ನಿಮ್ಮಮ್ಮ ಎಲ್ಲಿ ಅಂದ್ರೆ ನನ್ನನ್ನ ತೋರಿಸಬಾರ್ದು. ಈಗ ಹೇಳು, ನಾನು ಯಾರು?"

"ಕೋಣೆ ನೋಡ್ಕೊಳ್ಳೋರು."

ಕೋಟು ಕಳಚಿ ಬದಿಗಿಟ್ಟಳು. "ಈಗ?"

"ಅಮ್ಮ."

ಎತ್ತಿಕೊಂಡು ಕಚಗುಳಿ ಇಟ್ಟಳು. ಪುಟ್ಟಿಗೆ ಆ ಆಟ ಎಷ್ಟು ಹಿಡಿಸಿತು ಅಂದರೆ, ಮತ್ತೆ ಹಾಕ್ಕೋ ಮತ್ತೆ ಹಾಕ್ಕೋ ಅಂತ ಊಟದ ಹೊತ್ತಿನ ತನಕ ಪೀಡಿಸಿದಳು. ಒಂದು ಸಲವೂ ತಪ್ಪಲಿಲ್ಲ. ಅಷ್ಟು ಚಿಕ್ಕ ಮಗು ಅಷ್ಟು ಚೆನ್ನಾಗಿ ಕಲಿತಿದ್ದಕ್ಕೆ ತಾಯಿಗೆ ಹೆಮ್ಮೆಯೇ ಆಯಿತು ಅನ್ನಿ.

ದೊಡ್ಡವರಿಲ್ಲದೆ ಓಡಾಡುವ ತೊಡಕಿಗೆ ದೊಡ್ಡವನೇ ದಾರಿ ಕಂಡುಹಿಡಿದ. ಅದಕ್ಕೆ ಬಾಲ ಅಂತ ಹೆಸರಿಟ್ಟ. ಬಾಗಿಲಲ್ಲಿ ನಿಂತು ಒಂದು ಸಂಸಾರ ಆರಿಸಿಕೊಳ್ಳುವುದು, ತಂಗಿಯ ಕೈ ಹಿಡಿದು ಅವರ ಹಿಂದೆ ಬಾಲದ ಹಾಗೆ ನಡೆಯುವುದು. ನೋಡಿದವರಿಗೆ ಆ ಸಂಸಾರದ ಮಕ್ಕಳೇ ಅನ್ನಿಸಬೇಕು. ಅಜ್ಜಿ ಇರುವ ಸಂಸಾರ ಒಳ್ಳೆಯದು, ನಿಧಾನ ನಡೆಯುತ್ತಾರೆ. ಸ್ವಂತ ಮಕ್ಕಳಿರುವವರು ಬೇಡ, ಅವರು ಆಗಾಗ ತಲೆ ಎಣಿಸುತ್ತಾರೆ. ಜಗಳ ಆಡುತ್ತಿರುವ ಗಂಡ ಹೆಂಡತಿ ಸಿಕ್ಕರಂತೂ ಹಬ್ಬ, ಅವರು ತಿರುಗಿಯೇ ನೋಡುವುದಿಲ್ಲ. ಈ ಲೆಕ್ಕಾಚಾರವನ್ನೆಲ್ಲ ಅವನು ಬಸ್ಸಿನಲ್ಲಿ ಹೇಳುವಾಗ ಗೊಂಬೆಯಕ್ಕ ನಗುತ್ತಿದ್ದಳು. ನಕ್ಕು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು.

ಹೀಗೆ ಭಾನುವಾರಗಳು ಕಳೆದವು. ಒಳಗೆ ದಾರಿ ಒಂದೇ ದಿಕ್ಕಿಗೆ. ಒಂದು ಕೋಣೆ ದಾಟಿದರೆ ಹಿಂದಕ್ಕೆ ಬರುವ ಹಾಗಿಲ್ಲ, ಬಾಣದ ಗುರುತು ತೋರಿಸಿದ ಕಡೆಗೇ ಹೋಗಬೇಕು, ಸುತ್ತಿ ಸುತ್ತಿ ಮತ್ತೆ ಮೊದಲಿಗೇ ಬರಬೇಕು. ಪ್ರತಿ ಸುತ್ತಿನಲ್ಲೂ ಮಕ್ಕಳು ಅಮ್ಮನ ಕೋಣೆ ಹಾದು ಹೋಗುತ್ತಿದ್ದರು. ದೊಡ್ಡವನು ಅವಳ ಕಡೆ ನೋಡದೆ ಬಲಗಿವಿ ಮುಟ್ಟಿಕೊಂಡರೆ ಎಲ್ಲ ಸರಿಯಿದೆ ಅಂತ ಅರ್ಥ. ಪುಟ್ಟಿ ಚಿತ್ರದ ಮುಂದೆ ನಿಂತು "ಇನ್ನೂ ಸುಲಿದು ಮುಗಿದಿಲ್ವಾ?" ಅಂತ ಅಣ್ಣನನ್ನು ಕೇಳುತ್ತಿದ್ದಳು. ಜನ ನಗುತ್ತಿದ್ದರು. ತಾಯಿ ಗೋಡೆ ನೋಡುತ್ತಿದ್ದಳು. ಮಗಳ ಜುಟ್ಟು ಬಿಚ್ಚಿದ್ದರೆ ಕಟ್ಟುವ ಹಾಗಿಲ್ಲ, ಮೂಗು ಸೋರುತ್ತಿದ್ದರೆ ಒರೆಸುವ ಹಾಗಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹಾದು ಹೋಗುತ್ತಿತ್ತು ಕೂಸು.

ಮೊದಮೊದಲು ಮಕ್ಕಳಿಗೆ ಮೋಜಾಗಿತ್ತು. ಆಮೇಲೆ ಬೇಜಾರು ಹತ್ತಿತು. ಲೋಕವೆಲ್ಲ ಹಾತೊರೆದು ಬರುವ ಆ ಅರಮನೆ ಆ ಇಬ್ಬರಿಗೆ ಕೂಡಿಹಾಕುವ ದೊಡ್ಡಿ. ಯಾವ ಚಿತ್ರದಲ್ಲಿ ಎಷ್ಟು ಕುದುರೆ, ಯಾವ ಕಲ್ಲಿನ ದೊರೆಗೆ ಮೂಗಿಲ್ಲ ಎಲ್ಲ ಬಾಯಿಪಾಠ. ಶಾಲೆಯಲ್ಲಿ ಮೇಷ್ಟ್ರು ನಮ್ಮೂರಿನ ಹೆಮ್ಮೆ ಅಂತ ಆ ಸಂಗ್ರಹಾಲಯದ ಪಾಠ ಮಾಡುವಾಗ ದೊಡ್ಡವನು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದನಂತೆ. "ಮುಂದಿನ ವಾರ ಮನೇಲೇ ಇರ್ತೀವಮ್ಮ, ಒಲೆ ಮುಟ್ಟಲ್ಲ" ಅಂತ ಶನಿವಾರ ರಾತ್ರಿಯಾದರೆ ಗೋಗರೆಯುತ್ತಿದ್ದ. "ಅತ್ತೆ ಎದ್ದು ಓಡಾಡೋ ತನಕ ತಡ್ಕೋ ಕಂದ" ಅನ್ನುತ್ತಿದ್ದಳು ಇವಳು. ಅತ್ತೆ ಏಳುವ ಲಕ್ಷಣ ಕಾಣುತ್ತಿರಲಿಲ್ಲ.

ಆ ಭಾನುವಾರ ಜಾತ್ರೆಯೇ ನೆರೆದಿತ್ತು. ಗೆರೆಯಿಂದ ಹಿಂದೆ, ಗೆರೆಯಿಂದ ಹಿಂದೆ ಅಂತ ಹೇಳಿ ಗೊಂಬೆಯಕ್ಕನ ಗಂಟಲು ಒಣಗಿಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಒಬ್ಬ ಅಜ್ಜಿಯ ಬಾಲವಾಗಿ ಒಳಗೆ ಬಂದರು. ದೊಡ್ಡವನು ಕಿವಿ ಮುಟ್ಟಿಕೊಳ್ಳಲಿಲ್ಲ, ಹೊಟ್ಟೆ ಹಿಡಿದುಕೊಂಡಿದ್ದ. ಬೆಳಿಗ್ಗೆ ತಿಂದಿದ್ದು ಸರಿಹೋಗಿಲ್ಲ ಅಂತ ತಾಯಿಗೆ ನೋಡಿದ ತಕ್ಷಣ ತಿಳಿಯಿತು. ಗಂಡಸರ ಶೌಚಾಲಯ ಪಕ್ಕದ ಓಣಿಯಲ್ಲಿ. ತಂಗಿಯನ್ನು ಒಳಗೆ ಕರೆದುಕೊಂಡು ಹೋಗುವಂತಿಲ್ಲ, ಓಣಿಯಲ್ಲಿ ಒಬ್ಬಳನ್ನೇ ನಿಲ್ಲಿಸುವಂತಿಲ್ಲ. ಅವನು ಯೋಚನೆ ಮಾಡಿದ್ದು ಸರಿಯಾಗಿಯೇ ಇತ್ತು. ಪುಟ್ಟಿಯನ್ನು ಅಮ್ಮನ ಕುರ್ಚಿಯ ಎದುರಿನ ಬೆಂಚಿನ ಮೇಲೆ ಕೂರಿಸಿ, "ಅಲ್ಲಾಡಬೇಡ, ಬಂದೆ" ಅಂತ ಓಡಿದ.

ಪುಟ್ಟಿ ಅಲ್ಲಾಡಲಿಲ್ಲ. ಕಾಲು ಇಳಿಬಿಟ್ಟುಕೊಂಡು ಕೂತಿತು. ಅದರ ಗ್ರಹಚಾರಕ್ಕೆ ಪಕ್ಕದಲ್ಲಿ ಕೂತವರು ನಿವೃತ್ತ ದಂಪತಿ, ಬಹಳ ಒಳ್ಳೆಯ ಜನ. ಒಳ್ಳೆಯ ಜನರಿಂದಾಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ. ಮಗು ಒಂದೇ ಕೂತಿದೆ, ಇಷ್ಟು ಹೊತ್ತಾದರೂ ಯಾರೂ ಬರಲಿಲ್ಲ ಅಂತ ಆ ಯಜಮಾನತಿಗೆ ಕರುಳು ಚುರುಕ್ಕೆಂದಿತು. ಗಂಡನನ್ನು ಎಬ್ಬಿಸಿ ಕಳಿಸಿದಳು. ಝಣ ಝಣ ಅಂತ ಬೀಗದ ಸಾಹೇಬರು ಬಂದೇಬಿಟ್ಟರು.

ಸಾಹೇಬರು ಮಂಡಿಯೂರಿ ಕೂತು ಮೆತ್ತಗೆ ಕೇಳಿದರು. "ಪುಟ್ಟಿ, ನಿಮ್ಮಮ್ಮ ಎಲ್ಲಮ್ಮ?"

ಪುಟ್ಟಿ ತಲೆಯೆತ್ತಿ ಸೀದಾ ಗೊಂಬೆಯಕ್ಕನನ್ನು ನೋಡಿದಳು. ಗೊಂಬೆಯಕ್ಕ ಗೋಡೆಯ ಕಡೆ ಕಣ್ಣು ತಿರುಗಿಸಿದಳು.

"ಇಲ್ಲಿಲ್ಲ" ಅಂದಳು ಪುಟ್ಟಿ.

"ಯಾರ ಜೊತೆ ಬಂದೆ?"

ಪುಟ್ಟಿ ಚಿತ್ರದ ಕಡೆ ತಿರುಗಿದಳು. ಸಾಹೇಬರು ಎದ್ದು ಕುರ್ಚಿಯ ಕಡೆ ತಿರುಗಿದರು. "ಏನಮ್ಮ, ಈ ಮಗು ಯಾರ ಜೊತೆ ಬಂತು ನೋಡಿದ್ರಾ?"

ಒಂದು ಮಾತು. ಇದು ನನ್ನ ಮಗು ಸಾರ್ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಕೆಲಸವೂ ಮುಗಿಯುತ್ತಿತ್ತು. ಬಾಡಿಗೆ ಮನೆ, ಹಾಸಿಗೆ ಹಿಡಿದ ಅತ್ತಿಗೆಯ ಔಷಧಿ, ದೊಡ್ಡವನ ಶಾಲೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇನ್ನೇನು ದೊಡ್ಡವನು ಬರುತ್ತಾನೆ, ತಂಗಿ ಅಂತ ಕರೆದುಕೊಂಡು ಹೋಗುತ್ತಾನೆ ಅಂದುಕೊಂಡಳು.

"ನೋಡ್ಲಿಲ್ಲ ಸಾರ್" ಅಂದಳು.

ಸಾಹೇಬರು ಮಗುವನ್ನು ಎತ್ತಿಕೊಂಡು ಹೋದರು. ಅವರ ಹೆಗಲ ಮೇಲಿಂದ ಪುಟ್ಟಿ ತಾಯಿಯನ್ನು ನೋಡುತ್ತಲೇ ಇತ್ತು. ಅಳಲಿಲ್ಲ, ಕೈ ಚಾಚಲಿಲ್ಲ. ಆಟದಲ್ಲಿ ಗೆದ್ದವರ ಹಾಗೆ ತುಟಿ ಬಿಗಿ ಹಿಡಿದಿತ್ತು.

ದೊಡ್ಡವನು ವಾಪಸ್ ಬಂದಾಗ ಬೆಂಚು ಖಾಲಿ. ಕಟ್ಟಳೆ ಮೀರಿ ಕುರ್ಚಿಯ ಹತ್ತಿರ ಬಂದ, ಚಿತ್ರ ನೋಡುವವನ ಹಾಗೆ ನಿಂತು ಪಿಸುಗುಟ್ಟಿದ. "ಎಲ್ಲಿ?"

"ಸಾಹೇಬರ ಆಫೀಸು. ಕೆಳಗೆ." ಗೊಂಬೆಯಕ್ಕ ತುಟಿ ಅಲ್ಲಾಡಿಸದೆ ಹೇಳಿದಳು.

"ನಾನು ಹೋಗಿ ಕರ್ಕೊಂಡ್ ಬರ್ಲಾ?"

"ಬೇಡ. ದೊಡ್ಡವರು ಯಾರು ಬಂದಿದ್ದಾರೆ ಅಂತ ಕೇಳ್ತಾರೆ. ನಿನ್ನನ್ನೂ ಕೂರಿಸ್ಕೋತಾರೆ. ಇನ್ನೇನು ಬದಲಿ ಬರುತ್ತೆ, ನಾನೇ ಹೋಗ್ತೀನಿ. ನೀನು ಇಲ್ಲೇ ಇರು."

ಅಷ್ಟರಲ್ಲಿ ಮೇಲಿನ ಧ್ವನಿಪೆಟ್ಟಿಗೆ ಗೊರಗುಟ್ಟಿತು. ಹಳದಿ ಅಂಗಿ ತೊಟ್ಟ, ಎರಡು ಜುಟ್ಟು ಕಟ್ಟಿದ ಹೆಣ್ಣುಮಗು ಒಂಟಿಯಾಗಿ ಸಿಕ್ಕಿದೆ, ಸಂಬಂಧಪಟ್ಟವರು ಕಚೇರಿಗೆ ಬನ್ನಿ. ಕೋಣೆಯಲ್ಲಿದ್ದ ತಾಯಂದಿರೆಲ್ಲ ಒಮ್ಮೆಲೇ ತಮ್ಮ ತಮ್ಮ ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು. ಒಬ್ಬಾಕೆ ಗೊಂಬೆಯಕ್ಕನಿಗೇ ಕೇಳುವ ಹಾಗೆ ಹೇಳಿದಳು, "ಎಂಥ ತಾಯಿ ಇರ್ಬೇಕು ನೋಡಿ, ಮಗು ಕಳೆದಿದ್ದೇ ಗೊತ್ತಿಲ್ಲ." ಗೊಂಬೆಯಕ್ಕ "ಗೆರೆಯಿಂದ ಹಿಂದೆ ನಿಲ್ಲಿ" ಅಂದಳು.

ಬದಲಿ ಬರಲಿಲ್ಲ. ಧ್ವನಿಪೆಟ್ಟಿಗೆ ಮತ್ತೆ ಗೊರಗುಟ್ಟಿತು, ಮತ್ತೆ ಹಳದಿ ಅಂಗಿ, ಮತ್ತೆ ಎರಡು ಜುಟ್ಟು. ಬೆಳಿಗ್ಗೆ ಆ ಜುಟ್ಟು ಕಟ್ಟಿದ ಬೆರಳುಗಳನ್ನು ಅವಳು ಮಡಿಲಲ್ಲಿ ಒಂದಕ್ಕೊಂದು ಹೊಸೆಯುತ್ತಾ ಕೂತಳು. ಎದುರಿಗೆ ಆ ಚಿತ್ರದ ಹೆಂಗಸು ಹಣ್ಣು ಸುಲಿಯುತ್ತಾ ಕೂತಿದ್ದಳು. ನಿನಗಾದರೂ ಕೈಯಲ್ಲಿ ಚಾಕು ಇದೆ ತಾಯಿ ಅಂದುಕೊಂಡಳು ಗೊಂಬೆಯಕ್ಕ. ಯಾರೂ ತೆಗೆದುಕೊಂಡು ಹೋಗದ ಮಗುವನ್ನು ಬಾಗಿಲು ಮುಚ್ಚುವ ಹೊತ್ತಿಗೆ ಪೊಲೀಸರಿಗೆ ಒಪ್ಪಿಸುವುದು ಅಲ್ಲಿನ ಪದ್ಧತಿ. ಕೋಟು ಒಪ್ಪಿಸಿ, ಸಹಿ ಹಾಕಿ ಇವಳು ಆಚೆ ಬರುವ ಹೊತ್ತಿಗೆ ಗಾಡಿ ಹೋಗಿರುತ್ತದೆ. ಹೋಗಬೇಕು ಅಂದರೆ ಈಗಲೇ ಹೋಗಬೇಕು. ಹೋಗುವುದಕ್ಕೆ ಬದಲಿ ಬೇಕು.

ಗಡ್ಡದಣ್ಣ ಬಾಗಿಲ ಹತ್ತಿರ ಬಂದು ಗೋಡೆಗೊರಗಿದ. ಅವನಿಗೆ ವಿಷಯ ಗೊತ್ತಿತ್ತು. ಎಷ್ಟೋ ಭಾನುವಾರದಿಂದ ಗೊತ್ತಿತ್ತು, ತುಟಿ ಬಿಚ್ಚಿರಲಿಲ್ಲ.

"ಬದಲಿ ಕಾಯ್ತಿದ್ದೀಯೇನಕ್ಕ?" ಅಂದ. "ಬರಲ್ಲ. ಬದಲಿ ಹುಡುಗೀನ ಸಾಹೇಬರು ಕೆಳಗೆ ಕೂರಿಸಿದ್ದಾರೆ. ಸಿಕ್ಕಿದ ಮಗೂನ ನೋಡ್ಕೊಳ್ಳೋಕೆ."

ಗೊಂಬೆಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಬದಲಿ ತನ್ನ ಮಗಳನ್ನೇ ಕಾಯುತ್ತಿದೆ. ಮಗಳು ಅಲ್ಲಿರುವ ತನಕ ಬದಲಿ ಬರುವುದಿಲ್ಲ. ಬದಲಿ ಬರದೆ ತಾನು ಮಗಳ ಹತ್ತಿರ ಹೋಗುವಂತಿಲ್ಲ. ಯಾವ ಕಡೆಯಿಂದ ಎಳೆದರೂ ಗಂಟು ಬಿಗಿಯುತ್ತಿತ್ತು.

ಅವಳು ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು. "ಕೋಣೆ ನಿಮ್ಮದು" ಅಂದಳು.

"ನನಗೆ ನನ್ನ ಕೋಣೆನೇ ಇದೆಯಲ್ಲೇ ಮಾರಾಯ್ತಿ" ಅಂದ ಗಡ್ಡದಣ್ಣ. ಅಂದವನು ಎರಡೂ ಕೋಣೆಗಳ ನಡುವಿನ ಹೊಸ್ತಿಲ ಮೇಲೆ, ಈಚೆ ಒಂದು ಕಾಲು ಆಚೆ ಒಂದು ಕಾಲು ಇಟ್ಟು ನಿಂತ. ಕೈ ಚಾಚಿದರೂ ಕುರ್ಚಿ ಸಿಗುತ್ತಿರಲಿಲ್ಲ. ಗಾಳಿಯಲ್ಲೇ ಮುಟ್ಟಿದ ಹಾಗೆ ಮಾಡಿ, "ನನ್ನದು. ಹೋಗು, ಬೇಗ ಬಾ" ಅಂದ.

ಆಫೀಸು ಮೆಟ್ಟಿಲಿನ ಕೆಳಗಿನ ಕೋಣೆ, ಕಿಟಕಿ ಇಲ್ಲ. ಸಾಹೇಬರು ಮೇಜಿನ ಹಿಂದೆ ಫೋನಿನ ಪಕ್ಕ ಕೂತಿದ್ದರು. ಬದಲಿ ಹುಡುಗಿ ಮಗುವಿನ ಪಕ್ಕ. ಪುಟ್ಟಿಯ ಕೈಯಲ್ಲಿ ಬಿಸ್ಕತ್ತಿತ್ತು, ಕಚ್ಚಿರಲಿಲ್ಲ. ಹಿಂದೆಯೇ ಓಡಿ ಬಂದ ದೊಡ್ಡವನು ಬಾಗಿಲಲ್ಲಿ ನಿಂತ.

"ಸಾರ್, ಇದು ನನ್ನ ಮಗು" ಅಂದಳು ಗೊಂಬೆಯಕ್ಕ. ಹೇಳಿದ ಮೇಲೆ ಎಷ್ಟೋ ಹಗುರಾಯಿತು.

ಸಾಹೇಬರು ಕನ್ನಡಕ ತೆಗೆದರು. "ನಿಮ್ದಾ? ಆಗ ಕೇಳಿದ್ರೆ ನೋಡ್ಲಿಲ್ಲ ಅಂದ್ರಲ್ಲಮ್ಮ."

"ಹೆದರಿಕೆಯಿಂದ ಹಾಗಂದೆ ಸಾರ್."

ಅವರು ಮಗುವಿನ ಕಡೆ ಬಗ್ಗಿದರು. "ಪುಟ್ಟಿ, ಇವರು ನಿಮ್ಮಮ್ಮನಾ?"

ಪುಟ್ಟಿ ತಾಯಿಯನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಕಂದು ಕೋಟು, ಹಿತ್ತಾಳೆ ಗುಂಡಿ, ಎಲ್ಲ ಹಾಕಿದ ಹಾಗೆಯೇ ಇದೆ.

"ಅಲ್ಲ" ಅಂದಿತು ಸ್ಪಷ್ಟವಾಗಿ. "ಕೋಣೆ ನೋಡ್ಕೊಳ್ಳೋರು."

ಬದಲಿ ಹುಡುಗಿ ಗೊಂಬೆಯಕ್ಕನ ಮುಖ ನೋಡಿದಳು. ಸಾಹೇಬರು ಬಾಗಿಲಲ್ಲಿದ್ದ ಹುಡುಗನನ್ನು ಕೇಳಿದರು, "ನೀನು ಯಾರಪ್ಪ? ಇವರು ಯಾರು ನಿನಗೆ?" ದೊಡ್ಡವನು ಅಮ್ಮನನ್ನು ನೋಡಿದ, ಕೋಟನ್ನು ನೋಡಿದ, ಯಾವ ಉತ್ತರ ಕೊಟ್ಟರೆ ಕೆಲಸ ಉಳಿಯುತ್ತದೆ ಅಂತ ಹುಡುಕುತ್ತಾ ನಿಂತ. ತಾನು ಕಲಿಸಿದ ಪಾಠ ಇಬ್ಬರಿಗೂ ಎಷ್ಟು ಆಳಕ್ಕೆ ಇಳಿದಿದೆ ಅಂತ ಅವಳಿಗೆ ಆಗ ಗೊತ್ತಾಯಿತು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನೇ ಹೇಳಿಕೊಟ್ಟಿದ್ದು ಸಾರ್" ಅಂದಳು. ಅತ್ತಿಗೆಯ ಸೊಂಟ, ಒಲೆಯ ಭಯ, ಬಾಲದ ಆಟ, ಎಲ್ಲ ಹೇಳಿದಳು. ಹೇಳುವಾಗ ಅಳಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಹಾಗಂತ ಸುಲಭದವರೂ ಅಲ್ಲ. ಬೀಗದ ಕೈ ಒಂದೊಂದೇ ತಿರುವಿದರು. ಆಮೇಲೆ ಅಂದರು, "ನೋಡಿಮ್ಮ, ನಾನು ನಂಬ್ತೀನಿ. ಆದ್ರೆ ಮಗುನೇ ಅಲ್ಲ ಅಂತಿದೆ. ಕೋಟು ಹಾಕಿರೋರ ಕೈಗೆ ಹೇಗೆ ಕೊಡ್ಲಿ? ಒಂದು ಕೆಲಸ ಮಾಡಿ. ನೀವು ಕೋಣೆಗೆ ಹೋಗಿ. ನಾನು ಪೊಲೀಸರಿಗೆ ಫೋನ್ ಮಾಡಲ್ಲ, ಮಗು ಇಲ್ಲೇ ಇರ್ಲಿ. ಸಂಜೆ ಕೋಟು ಒಪ್ಪಿಸಿ, ಅಮ್ಮ ಆಗಿ ಬನ್ನಿ, ಕರ್ಕೊಂಡು ಹೋಗಿ. ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಇದೇ ಕೊನೆ ಭಾನುವಾರ."

ಮುಳುಗುವವಳಿಗೆ ಹಗ್ಗ ಸಿಕ್ಕಿತ್ತು. ಗೊಂಬೆಯಕ್ಕ "ಆಗ್ಲಿ ಸಾರ್, ನಿಮ್ಮ ಉಪಕಾರ ಮರೆಯಲ್ಲ" ಅಂದಳು. ಸಂಜೆಯಾಗಲು ಇನ್ನೆಷ್ಟು ಹೊತ್ತು ಮಹಾ. ಬಾಗಿಲ ಕಡೆ ತಿರುಗಿದಳು.

"ನಿಮ್ಮಮ್ಮ ಸಂಜೆ ಬರ್ತಾರೆ ಪುಟ್ಟಿ" ಅಂತ ಬದಲಿ ಹುಡುಗಿ ಸಮಾಧಾನ ಮಾಡಿದಳು.

"ಗೊತ್ತು" ಅಂದಿತು ಪುಟ್ಟಿ. "ನಮ್ಮಮ್ಮ ಸಂಜೆ ಮಾತ್ರ ಇರೋದು."

ಗೊಂಬೆಯಕ್ಕ ತಿರುಗಿ ನೋಡಿದಳು. ನೋಡಿದ್ದು ಮಗಳ ಮುಖವನ್ನಲ್ಲ, ಕಾಲನ್ನು. ಕುರ್ಚಿಯ ತುದಿಯಲ್ಲಿ ಪುಟ್ಟಿ ಕಾಲಿಗೆ ಕಾಲು ಒತ್ತಿ, ಪಾದಕ್ಕೆ ಪಾದ ಹೆಣೆದುಕೊಂಡು ವಿನಯವಾಗಿ ಕೂತಿತ್ತು. ಆ ಭಂಗಿ ಅವಳಿಗೆ ಚೆನ್ನಾಗಿ ಗೊತ್ತು.

"ಬಚ್ಚಲಿಗೆ ಹೋಗ್ಬೇಕಾ ಕಂದ?" ಅಂದಳು.

ಪುಟ್ಟಿ ಇಲ್ಲ ಅಂತ ತಲೆಯಾಡಿಸಿತು. ಕಣ್ಣಲ್ಲಿ ನೀರು ತುಂಬಿತ್ತು.

"ನಾನೂ ಆಗ್ಲಿಂದ ಕೇಳ್ತಾ ಇದ್ದೀನಿ ಅಕ್ಕ, ಬೇಡ ಅಂತಿದೆ" ಅಂದಳು ಬದಲಿ ಹುಡುಗಿ.

"ಈ ಅಕ್ಕನ ಜೊತೆ ಹೋಗು ಪುಟ್ಟಿ. ನಾನು ಹೇಳ್ತಿದ್ದೀನಲ್ಲ."

ಪುಟ್ಟಿ ಮತ್ತೆ ತಲೆಯಾಡಿಸಿತು. ಕೋಟು ಹಾಕಿದವರ ಮಾತು ಅದು ಯಾಕೆ ಕೇಳಬೇಕು?

ಗೊಂಬೆಯಕ್ಕ ಮೇಲಿನ ಗುಂಡಿಗೆ ಕೈ ಹಾಕಿದಳು.

"ಬೇಡಮ್ಮ" ಅಂದರು ಸಾಹೇಬರು, ಎದ್ದು ನಿಂತು. "ಕೋಣೆ ಬಿಟ್ಟು ಬಂದಿದ್ದನ್ನ ನಾನು ಹೇಗಾದ್ರೂ ಮುಚ್ಚಿ ಹಾಕ್ತೀನಿ. ಕೋಟು ಬಿಚ್ಚಿದ್ರೆ ನನ್ನ ಕೈಲಿ ಏನೂ ಇಲ್ಲ. ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಬಾಡಿಗೆ, ಔಷಧಿ, ಶಾಲೆ, ಯಾವುದನ್ನೂ ಬಿಡದೆ ಯೋಚಿಸಿದಳು. ಯೋಚಿಸುತ್ತಲೇ ಎರಡನೆಯ ಗುಂಡಿ ಬಿಚ್ಚಿದಳು, ಮೂರನೆಯದು ಬಿಚ್ಚಿದಳು. ಕೊನೆಯದು ಬರಲೊಲ್ಲದು. ತಾನೇ ಹಚ್ಚಿದ ಗುಂಡಿ, ತಾನೇ ಬಿಗಿದ ಕಾಜ. ದೊಡ್ಡವನು ಬಂದು ಮಂಡಿಯೂರಿ, ಎರಡೂ ಕೈಯಿಂದ ಹಿಡಿದು ಅದನ್ನು ಬಿಡಿಸಿದ. ಅವನೂ ಅಳುತ್ತಿದ್ದ.

ಕೋಟು ಮೇಜಿನ ಮೇಲೆ ಬಿತ್ತು.

"ಅಮ್ಮ" ಅಂತ ಪುಟ್ಟಿ ಕುರ್ಚಿಯಿಂದ ಧುಮುಕಿತು. "ಅಮ್ಮ, ಉಚ್ಚೆ. ಆಗ್ಲಿಂದ."

ಎತ್ತಿಕೊಂಡು ಹಿಂಬದಿಯ ಬಚ್ಚಲ ಬಾಗಿಲಿಗೆ ಓಡಿದಳು. ಅದು ಬೀಗ ಹಾಕಿದ ಬಾಗಿಲು. "ಅದು ಕೆಲಸದವರಿಗೆ ಮಾತ್ರ" ಅಂತ ಸಾಹೇಬರ ಬಾಯಿಂದ ಅಭ್ಯಾಸಬಲದಿಂದ ಬಂತು. ಅಂದವರೇ ತಲೆ ತಗ್ಗಿಸಿ, ಗೊಂಚಲಿನಲ್ಲಿ ಕೈ ಹುಡುಕಿ, ತಾವೇ ಬಾಗಿಲು ತೆಗೆದುಕೊಟ್ಟರು.

ಒಳಗೆ ಇಬ್ಬರು ನಿಲ್ಲುವಷ್ಟೇ ಜಾಗ. ಮಗಳನ್ನು ಕೂರಿಸಿದಳು. ಅದು ನಿಲ್ಲದೆ ಹೋಗುತ್ತಲೇ ಇತ್ತು, ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಹೊತ್ತು ಎಲ್ಲಿ ತಡೆದುಕೊಂಡಿತ್ತೋ. ಗೊಂಬೆಯಕ್ಕ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ್ದ ಜುಟ್ಟು ಕಟ್ಟಿದಳು, ಮೂಗು ಒರೆಸಿದಳು. ನಾಳೆ ಬೆಳಿಗ್ಗೆ ಏನು ಅನ್ನುವುದು ಬಾಗಿಲ ಆಚೆಯೇ ನಿಂತಿತ್ತು, ಹೊರಗೆ ಹೋದ ತಕ್ಷಣ ಹಿಡಿದುಕೊಳ್ಳುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಪುಟ್ಟಿ ತಾಯಿಯ ಕಿವಿಗೆ ಬಾಯಿ ತಂದು, ಗುಟ್ಟು ಹೇಳುವ ಹಾಗೆ ಕೇಳಿತು. "ಅಮ್ಮ, ನಾನು ಸರಿಯಾಗಿ ಹೇಳಿದ್ನಾ? ಅವರು ಎಷ್ಟ್ ಕೇಳಿದ್ರೂ ನೀನು ಅಂತ ಹೇಳ್ಲೇ ಇಲ್ಲ."

"ಸರಿಯಾಗಿ ಹೇಳಿದೆ ಕಣೇ" ಅಂದಳು ಗೊಂಬೆಯಕ್ಕ. ಮಗಳ ಮಡಿಲಲ್ಲಿ ಮುಖ ಇಟ್ಟು ಅತ್ತಳು.